‘ನಾ’ ಎಂಬ ಒಂದಕ್ಷರದ ಬೆನ್ನುಹತ್ತಿ

ರಷ್ಯನ್ನಿನಲ್ಲಿ ‘ನಾ’ ಎಂದರೆ ಮೇಲೆ. ತೆಲುಗಿನಲ್ಲಿ ನನ್ನ. ಸ್ವಾಹಿಲಿಯಲ್ಲಿ ಮತ್ತು. ಪೋರ್ಚುಗೀಸಿನಲ್ಲಿ ಸ್ತ್ರೀಲಿಂಗದ ನಾಮಪದಕ್ಕಿಂತ ಮೊದಲು ನಿಂತು ‘ಒಳಗೆ’ ಎನ್ನುತ್ತದೆ. ತಮಿಳು ಕಾವ್ಯದಲ್ಲಿ ನಾಲಿಗೆ. ಕೊರಿಯನ್ನರಿಗೂ ನಮಗೂ ‘ನಾನು’. ಇಷ್ಟನ್ನು ನಿಘಂಟುಗಳಿಂದ ಹೆಕ್ಕುವುದು ಸುಲಭ. ಆದರೆ ಇಂಥ ಪಟ್ಟಿ ಎಷ್ಟು ಉದ್ದವಾದರೂ ಅದರಿಂದ ಭಾಷೆಯ ಬಗ್ಗೆ ಹೊಸದೇನೂ ತಿಳಿಯುವುದಿಲ್ಲ. ಈ ಪುಟ್ಟ ಪದ ವಾಕ್ಯದಲ್ಲಿ ಎಲ್ಲಿ ಕೂರುತ್ತದೆ, ಕೂತು ಏನು ಕೆಲಸ ಮಾಡುತ್ತದೆ, ಯಾವ ಹಳೆಯ ರೂಪದಿಂದ ಬಂತು ಎಂಬುದು ನನಗೆ ಬೇಕಿತ್ತು. ಹಾಗಾಗಿ ಭಾಷೆಗೊಂದು ಅರ್ಥ ಬರೆಯುವ ಪದ್ಧತಿಯನ್ನು ಮೊದಲೇ ಕೈಬಿಟ್ಟೆ. ಪೂರ್ತಿ ವಾಕ್ಯವೊಂದು ಸಿಗದೆ ಯಾವ ‘ನಾ’ಕ್ಕೂ ನನ್ನ ಟಿಪ್ಪಣಿಯ ಕೋಷ್ಟಕದಲ್ಲಿ ಜಾಗವಿಲ್ಲ.

ಭಾಷಿಕರನ್ನು ಕೇಳುವಾಗಲೂ ಇದೇ ನಿಯಮ. ‘ನಿಮ್ಮಲ್ಲಿ ನಾ ಎಂದರೇನು?’ ಎಂದು ಕೇಳಿದರೆ ಹೆಚ್ಚಿನವರು ತಡವರಿಸುತ್ತಾರೆ. ಇಷ್ಟು ಸಣ್ಣ ಪದಕ್ಕೆ ಅರ್ಥ ಹೇಳುವುದು ಯಾರಿಗೂ ಕಷ್ಟವೇ. ಕನ್ನಡದ ‘ತಾನೇ’ಗೆ ಥಟ್ಟನೆ ಅರ್ಥ ಹೇಳಲು ಕೂತು ನೋಡಿ. ಹಾಗಾಗಿ ಮೊದಲು ಒಂದು ವಾಕ್ಯ ಹೇಳಿಸುತ್ತೇನೆ. ಆಮೇಲೆ ಆ ಪದವನ್ನು ತೆಗೆದು ಅದೇ ವಾಕ್ಯ ಹೇಳಲು ಕೋರುತ್ತೇನೆ. ಕೊನೆಗೆ ಪದದ ಜಾಗ ಬದಲಿಸಿ ಹೇಳಿಸುತ್ತೇನೆ. ಏನು ಕೆಟ್ಟಿತು, ಏನು ಬದಲಾಯಿತು ಎಂಬುದನ್ನು ಅವರೇ ಖುಷಿಯಿಂದ ವಿವರಿಸುತ್ತಾರೆ.

ಲಿಪಿಯ ವಿಷಯದಲ್ಲಿ ನಾನು ತುಂಬ ಕಟ್ಟುನಿಟ್ಟು. ರೋಮನ್ ಅಕ್ಷರದಲ್ಲಿ ಬರೆದ ಪಟ್ಟಿಗಳು ಉದ್ದವನ್ನೂ ಸ್ವರಮಟ್ಟವನ್ನೂ ನುಂಗಿಹಾಕುತ್ತವೆ. ಸಂಸ್ಕೃತದಲ್ಲಿ ಹ್ರಸ್ವ ‘ನ’ ಎಂದರೆ ಇಲ್ಲ, ದೀರ್ಘ ‘ನಾ’ ಎಂದರೆ ಮನುಷ್ಯ (‘ನೃ’ ಶಬ್ದದ ಪ್ರಥಮಾ ಏಕವಚನ). ಥಾಯ್ ಭಾಷೆಯಲ್ಲಂತೂ ನಮ್ಮ ಕಿವಿಗೆ ಒಂದೇ ಎನಿಸುವ ‘ನಾ’ವನ್ನು ಸಮಮಟ್ಟದಲ್ಲಿ ಹೇಳಿದರೆ ಗದ್ದೆ, ಇಳಿಸಿ ಹೇಳಿದರೆ ಮುಖ, ಎತ್ತರದಲ್ಲಿ ಹೇಳಿದರೆ ತಾಯಿಯ ತಮ್ಮ ಅಥವಾ ತಂಗಿ, ಏರಿಸಿ ಹೇಳಿದರೆ ದಪ್ಪ. ಚೀನಾದ ಮ್ಯಾಂಡರಿನ್‌ನಲ್ಲಿ ‘ಅದು’ ಮತ್ತು ‘ಯಾವುದು’ ಎಂಬ ಎರಡು ಪದಗಳ ನಡುವೆ ಇರುವುದು ಸ್ವರಮಟ್ಟದ ವ್ಯತ್ಯಾಸ ಮಾತ್ರ. ಇವುಗಳನ್ನು ಒಂದೇ ಪದದ ಹಲವು ಅರ್ಥ ಎನ್ನಲಾಗದು, ಇವು ಬೇರೆಬೇರೆ ಪದಗಳೇ. ಪ್ರತಿ ಸಾಲಿನಲ್ಲೂ ಮೂಲ ಲಿಪಿ, ಅದರ ಪಕ್ಕದಲ್ಲಿ 1888ರಿಂದ ಬಳಕೆಯಲ್ಲಿರುವ ಅಂತರರಾಷ್ಟ್ರೀಯ ಧ್ವನಿಲಿಪಿ, ಎರಡೂ ಇರಲೇಬೇಕು.

ಪದ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬುದೂ ಮುಖ್ಯ. ‘ಬಂದದ್ದು ರಾಮನಾ?’ ಎಂಬಲ್ಲಿ ಕಿವಿಗೆ ‘ನಾ’ ಕೇಳುತ್ತದೆ. ಆದರೆ ಅಲ್ಲಿ ಪ್ರಶ್ನೆ ಕೇಳುತ್ತಿರುವುದು ಬರಿಯ ‘ಆ’, ‘ನ’ಕಾರ ರಾಮನದ್ದು.

ಈ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಪದದ ಸ್ಥಾನವನ್ನು ಗುರುತಿಸುವ ಕಾಲಮ್ಮು. ಹಿಂದಿಯಲ್ಲಿ ‘ನ ಜಾವೋ’ ಎಂದರೆ ಹೋಗಬೇಡ. ‘ಜಾವೋ ನ’ ಎಂದರೆ ಹೋಗು ಮಾರಾಯ, ಹೋಗಬಾರದೇ ಎಂಬ ಪುಸಲಾವಣೆ. ಪದ ಅದೇ, ಕ್ರಿಯಾಪದವೂ ಅದೇ. ಹಿಂದಿದ್ದದ್ದು ಮುಂದೆ ಬಂದಾಗ ನಿಷೇಧ ಹೋಗಿ ಒತ್ತಾಯ ಬಂತು. ಜಪಾನಿ ಭಾಷೆಯಲ್ಲಿ ಇದರದೇ ಇನ್ನೊಂದು ಬಗೆ ಇದೆ. ‘ಇಕು ನಾ’ ಎಂದರೆ ಹೋಗಬೇಡ, ‘ಇಕಿ ನಾ’ ಎಂದರೆ ಹೋಗು. ಇಲ್ಲಿ ‘ನಾ’ ಕದಲಲಿಲ್ಲ; ಅದರ ಹಿಂದಿನ ಕ್ರಿಯಾರೂಪದ ಒಂದು ಸ್ವರ ಬದಲಾದದ್ದಕ್ಕೇ ಆಜ್ಞೆ ತಿರುಗಿಬಿತ್ತು.

ಈ ಕಾಲಮ್ಮಿಗೆ ನಾನು ಆಧಾರ ಮಾಡಿಕೊಂಡದ್ದು ವೇದದ ಪದಗಳನ್ನು ವಿವರಿಸುವ ‘ನಿರುಕ್ತ’ ಬರೆದ ಪ್ರಾಚೀನ ಪಂಡಿತ ಯಾಸ್ಕನನ್ನು. ಋಗ್ವೇದದ ‘ನ’ ಎರಡು ಕೆಲಸ ಮಾಡುತ್ತದೆ: ಒಂದು ‘ಇಲ್ಲ’, ಇನ್ನೊಂದು ‘ಹಾಗೆ’. ವಿಷ್ಣುಸೂಕ್ತದ ‘ಮೃಗೋ ನ ಭೀಮಃ’ ಎಂಬಲ್ಲಿ ‘ನ’ವನ್ನು ನಿಷೇಧವೆಂದು ಓದಿದರೆ ಸಾಲು ಅರ್ಥವಾಗದು, ಅದು ‘ಭಯಂಕರ ಮೃಗದ ಹಾಗೆ’. ನಿರುಕ್ತದಲ್ಲಿ ಯಾಸ್ಕ ಇದನ್ನು ಸ್ಪಷ್ಟವಾಗಿ ವಿಂಗಡಿಸಿದ್ದಾನೆ: ಆಡುಮಾತಿನಲ್ಲಿ ‘ನ’ ನಿಷೇಧಕ್ಕೆ ಮಾತ್ರ, ವೇದದಲ್ಲಿ ಎರಡಕ್ಕೂ, ಯಾವುದನ್ನು ನಿರಾಕರಿಸುತ್ತದೋ ಅದಕ್ಕಿಂತ ಮೊದಲು ಬರುತ್ತದೆ, ಯಾವುದಕ್ಕೆ ಹೋಲಿಸುತ್ತದೋ ಅದರ ನಂತರ ಬರುತ್ತದೆ. ಪದದ ಅರ್ಥವನ್ನು ಅದರ ಸ್ಥಾನದಿಂದ ನಿರ್ಣಯಿಸುವ ಈ ಸೂತ್ರಕ್ಕಿಂತ ಉತ್ತಮ ಮಾದರಿ ನನಗೆ ಬೇರೆಲ್ಲೂ ಸಿಗಲಿಲ್ಲ.

ಕೆಲಸದ ಕಾಲಮ್ಮಿನಲ್ಲಿ ಕನ್ನಡದ ಸಮಾನಪದ ಬರೆದು ಸುಮ್ಮನಾಗುವ ಆಸೆ ಬರುತ್ತದೆ. ಸ್ವಾಹಿಲಿ ಅದಕ್ಕೆ ಅವಕಾಶ ಕೊಡುವುದಿಲ್ಲ. ‘ಬಾಬಾ ನಾ ಮಾಮಾ’ ಎಂದರೆ ಅಪ್ಪ ಮತ್ತು ಅಮ್ಮ. ‘ನಿನಾ ಕಿತಾಬು’ ಎಂದರೆ ನನ್ನ ಹತ್ತಿರ ಪುಸ್ತಕ ಇದೆ. ಬಿಡಿಸಿದರೆ ‘ನಾನು-ಜೊತೆ ಪುಸ್ತಕ’. ‘ನಿನಾಸೋಮಾ’ ಎಂದರೆ ನಾನು ಓದುತ್ತಿದ್ದೇನೆ, ಅಲ್ಲಿ ನಡುವಿನ ‘ನಾ’ ವರ್ತಮಾನಕಾಲದ ಗುರುತು. ಕರ್ಮಣಿ ವಾಕ್ಯದಲ್ಲಿ ‘ಇಂಥವರಿಂದ’ ಎನ್ನಲೂ ಅದೇ. ‘ಮತ್ತು’ ಎಂದಷ್ಟೇ ಬರೆದುಕೊಂಡರೆ ಈ ಪದದ ಬಹುಪಾಲು ಬದುಕು ಹೊರಗೇ ಉಳಿಯುತ್ತದೆ. ನಾನು ಬರೆದುಕೊಂಡದ್ದು ‘ಜೊತೆಗಿರುವಿಕೆ’ ಎಂದು. ಜೋಡಿಸುವುದೂ ಹೊಂದಿರುವುದೂ ಆ ಹೆಸರಿನಡಿ ಚೆನ್ನಾಗಿ ಕೂತವು.

ರಷ್ಯನ್ ‘ನಾ’ ಮುಂದಿನ ನಾಮಪದದ ವಿಭಕ್ತಿಯನ್ನು ಅವಲಂಬಿಸಿದೆ: ಮೇಜಿನ ಮೇಲೆ ಇದೆ ಎನ್ನಲು ಒಂದು ವಿಭಕ್ತಿ, ಮೇಜಿನ ಮೇಲಕ್ಕೆ ಇಡು ಎನ್ನಲು ಇನ್ನೊಂದು. ಏನನ್ನಾದರೂ ಕೈಗೆ ಕೊಡುವಾಗ ಒಂಟಿಯಾಗಿ ‘ನಾ’ ಎಂದರೆ ‘ತಗೋ’. ಅದಕ್ಕೆ ಬಹುವಚನವೂ ಉಂಟು, ‘ನಾತೆ’: ತಗೊಳ್ಳಿ! ಕ್ರಿಯಾಪದವಲ್ಲದ ಪದವೊಂದು ಕ್ರಿಯಾಪದದ ಪ್ರತ್ಯಯ ತೊಟ್ಟು ನಿಲ್ಲುವುದನ್ನು ಕಂಡರೆ ನನಗೆ ಈಗಲೂ ಸಂತೋಷವಾಗುತ್ತದೆ.

ಇನ್ನು ಎಲ್ಲರೂ ಕೇಳುವ ಪ್ರಶ್ನೆ: ಇಷ್ಟು ಭಾಷೆಗಳಲ್ಲಿ ಒಂದೇ ಪದ ಇರುವುದು ಹೇಗೆ, ಏನಾದರೂ ನಂಟಿದೆಯೇ? ಇದಕ್ಕೆ ಮೊದಲು ಲೆಕ್ಕ ನೋಡಬೇಕು. ಜಗತ್ತಿನಲ್ಲಿ ಸುಮಾರು 7,000 ಭಾಷೆಗಳಿವೆ. ಒಂದು ಭಾಷೆಯಲ್ಲಿ ಸರಾಸರಿ 22ರ ಆಸುಪಾಸು ವ್ಯಂಜನಗಳು, 5-6 ಮೂಲ ಸ್ವರಗಳು. ಕಾಗುಣಿತ ಮಾಡಿದರೆ ಒಟ್ಟು 130ರಷ್ಟು ಅಕ್ಷರಗಳಾದವು. ಪ್ರತಿ ಭಾಷೆಗೂ ಹೆಚ್ಚು ಬಳಕೆಯ ಕೆಲಸಗಳಿಗೆ (ನಾನು, ಇಲ್ಲ, ಮತ್ತು, ಮೇಲೆ, ಅದು) ಚಿಕ್ಕ ಪದಗಳೇ ಬೇಕು. ‘ನ್’ ಮತ್ತು ‘ಅ’ ಎರಡೂ ಅತಿ ಹೆಚ್ಚು ಭಾಷೆಗಳಲ್ಲಿರುವ ಧ್ವನಿಗಳು. ಹೀಗಿರುವಾಗ ‘ನಾ’ ಅಲ್ಲಲ್ಲಿ ತಲೆಯೆತ್ತದಿದ್ದರೆ ಆಶ್ಚರ್ಯಪಡಬೇಕಿತ್ತು.

ಧ್ವನಿ ಹೊಂದಿದ್ದು ಸಾಲದು, ಅರ್ಥವೂ ಹೊಂದಿದರೆ? ಆಗಲೂ ಹಳೆಯ ರೂಪ ನೋಡದೆ ನಾನು ಮಾತಾಡುವುದಿಲ್ಲ. ಐರಿಷ್ ಭಾಷೆಯಲ್ಲಿ ‘ನಾ’ ಬಹುವಚನದ ನಿರ್ದೇಶಕ ಗುಣವಾಚಿ (ಇಂಗ್ಲಿಷಿನ ‘ದಿ’ ಇದ್ದ ಹಾಗೆ). ‘ಆ ಮನೆಗಳು’ ಎನ್ನುವಾಗ ನಾಮಪದಕ್ಕಿಂತ ಮೊದಲು ನಿಲ್ಲುತ್ತದೆ. ಹವಾಯಿ ಭಾಷೆಯ ‘ನಾ ಹಾಲೆ’ಯಲ್ಲೂ ಹೆಚ್ಚುಕಡಿಮೆ ಅದೇ ಧ್ವನಿ, ಅದೇ ಸ್ಥಾನ, ಅದೇ ಕೆಲಸ. ಇಷ್ಟು ನಿಖರವಾದ ಜೋಡಿ ನನ್ನ ಟಿಪ್ಪಣಿಯಲ್ಲಿ ಇನ್ನೊಂದಿಲ್ಲ. ಆದರೆ ಹಿಂದಕ್ಕೆ ಹೋದರೆ ದಾರಿಗಳು ಬೇರೆಯಾಗುತ್ತವೆ. ಹಳೆಯ ಐರಿಷ್‌ನಲ್ಲಿ ಈ ಪದ ‘ಇನ್ನಾ’ ಎಂದಿತ್ತು. ಹವಾಯಿಯ ಸೋದರ ಭಾಷೆ ಮಾವೊರಿಯಲ್ಲಿ ‘ಮನೆಗಳು’ ಎನ್ನಲು ‘ಙಾ’ ಬಳಸುತ್ತಾರೆ. ಮಾವೊರಿ ‘ಙ’ಕಾರ ಹವಾಯಿಯಲ್ಲಿ ‘ನ’ಕಾರವಾಗುವುದು ನಿಯಮ (ಆಕಾಶಕ್ಕೆ ಅಲ್ಲಿ ‘ರಙಿ’, ಇಲ್ಲಿ ‘ಲನಿ’). ಒಂದು ‘ಇನ್ನಾ’ದಿಂದ ಸವೆದು ಬಂದದ್ದು, ಇನ್ನೊಂದು ‘ಙಾ’ದಿಂದ ಮೂಡಿದ್ದು, ಎರಡೂ ‘ನಾ’ದಲ್ಲಿ ಬಂದು ಸೇರಿದ್ದು ಶುದ್ಧ ಕಾಕತಾಳೀಯ.

ಕೊರಿಯನ್ ‘ನಾ’ ಮತ್ತು ನಮ್ಮ ‘ನಾ’ ವಿಷಯದಲ್ಲೂ ಇದೇ ಎಚ್ಚರ ಬೇಕು. ಈ ಬಗೆಯ ಹೋಲಿಕೆಗಳಲ್ಲಿ ಆಸಕ್ತಿ ಹಳೆಯದು. 1905ರಲ್ಲೇ ಅಮೆರಿಕದ ಮಿಷನರಿ ಹೋಮರ್ ಹಲ್ಬರ್ಟ್ ಕೊರಿಯನ್ ಮತ್ತು ದ್ರಾವಿಡ ಭಾಷೆಗಳ ವ್ಯಾಕರಣವನ್ನು ಹೋಲಿಸಿ ಪುಸ್ತಕ ಪ್ರಕಟಿಸಿದ್ದರು. ಆದರೆ ಹಳಗನ್ನಡದಲ್ಲಿ ಈ ಸರ್ವನಾಮ ‘ಆನ್’. ವಚನಗಳಲ್ಲಿಯೂ ‘ಆನು’ ಧಾರಾಳವಾಗಿ ಸಿಗುತ್ತದೆ. ಮೂಲ ದ್ರಾವಿಡಕ್ಕೆ ಪಂಡಿತರು ಊಹಿಸುವ ರೂಪ ‘ಯಾನ್’. ಮೊದಲ ‘ನ’ಕಾರ ಆಮೇಲೆ, ಬಹುವಚನದ ‘ನಾಮ್’ ಪ್ರಭಾವದಿಂದ ಬಂದು ಕೂತದ್ದು ಎಂಬ ವಿವರಣೆಯೇ ನನಗೆ ಸರಿಯೆನಿಸುತ್ತದೆ. ‘ಆನ್’ ಪಕ್ಕದಲ್ಲಿ ಕೊರಿಯನ್ ‘ನಾ’ ಇಟ್ಟರೆ ಹೋಲಿಕೆಯ ಹೊಳಪು ಅರ್ಧ ಹೋಗುತ್ತದೆ.

ನಂಟು ನಿಜವಾಗಿ ಇರುವ ಕಡೆ ಅದು ಕಣ್ಣೆದುರೇ ಇರುತ್ತದೆ. ‘ನಾಪತ್ತೆ’, ‘ನಾಲಾಯಕ್’ ಪದಗಳ ‘ನಾ’ ಪಾರಸಿಯ ನಿಷೇಧ. ‘ಲಾಯಕ್’ ಮೂಲತಃ ಅರಬ್ಬಿ, ಅದಕ್ಕೆ ಪಾರಸಿಯ ‘ನಾ’ ಅಂಟಿ ನಮ್ಮ ಬಾಯಿಗೆ ಬಂತು. ‘ನಾಸ್ತಿಕ’ದೊಳಗೆ ಅಡಗಿರುವುದು ಸಂಸ್ಕೃತದ ‘ನ’. ಪಾರಸಿಯ ನಿಷೇಧ, ಸಂಸ್ಕೃತದ ನಿಷೇಧ ಎರಡೂ ಒಂದೇ ಇಂಡೋ-ಯುರೋಪಿಯನ್ ಬೇರಿನವು. ಹಾಗೆ ನೋಡಿದರೆ ‘ನಾ ನಾಸ್ತಿಕ’ ಎನ್ನುವವನ ಮಾತಿನಲ್ಲಿ ಮೊದಲಿನದು ದ್ರಾವಿಡ ಸರ್ವನಾಮ, ಎರಡನೆಯದು ಸಂಸ್ಕೃತದ ನಿಷೇಧ.

ಬಂಗಾಳಿ ಇನ್ನೂ ನನ್ನ ಕೋಷ್ಟಕಕ್ಕೆ ಪೂರ್ತಿ ಒಗ್ಗಿಲ್ಲ. ಅಲ್ಲಿ ನಿಷೇಧದ ‘ನಾ’ ಸಾಮಾನ್ಯವಾಗಿ ಕ್ರಿಯಾಪದದ ನಂತರ ಬರುತ್ತದೆ, ಪುಸಲಾವಣೆಯ ‘ನಾ’ ಕೂಡ ನಂತರವೇ. ‘ಜಾವೋ ನಾ’ ಎಂಬುದು ‘ನೀನು ಹೋಗುವುದಿಲ್ಲ’ ಎಂದೂ ಆಗಬಹುದು, ‘ಹೋಗಬಾರದೇ’ ಎಂದೂ ಆಗಬಹುದು. ಬಿಡಿಸುವುದು ದನಿಯ ಏರಿಳಿತ ಮತ್ತು ಸಂದರ್ಭ. ಸ್ಥಾನದ ಕಾಲಮ್ಮು ಇಲ್ಲಿ ಸೋಲುತ್ತದೆ. ಹಾಗಾಗಿ ಬಂಗಾಳಿಯ ಸಾಲಿನಲ್ಲಿ ಪ್ರತಿ ವಾಕ್ಯಕ್ಕೂ ಧ್ವನಿಮುದ್ರಣ ಸೇರಿಸಿದ್ದೇನೆ, ಯಾರು ಯಾರಿಗೆ ಯಾವ ಹೊತ್ತಿನಲ್ಲಿ ಹೇಳಿದ್ದು ಎಂಬ ವಿವರದ ಜೊತೆಗೆ. ಈಗ ಹಿಂದಿಯ ಸಾಲಿಗೂ ಅದನ್ನೇ ಮಾಡುತ್ತಿದ್ದೇನೆ.