ಸ್ವಂತ ಚೀಜು ಕಟ್ಟಿ ಹಾಡುವುದು ಹೇಗೆ?

ಧಾರವಾಡ, ಹುಬ್ಬಳ್ಳಿ, ಗದಗಿನ ಕಡೆ ಪಿಯುಸಿಯಲ್ಲಿ ಹಿಂದೂಸ್ತಾನಿ ಸಂಗೀತ ಓದುವವರು ಗುರುಗಳು ಕೊಟ್ಟ ಚೀಜುಗಳನ್ನು (ರಾಗ, ತಾಳಕ್ಕೆ ಕಟ್ಟಿದ ಪುಟ್ಟ ಹಾಡುಗಳನ್ನು) ತಪ್ಪಿಲ್ಲದೆ ಒಪ್ಪಿಸುತ್ತಾರೆ. ಎರಡನೇ ವರ್ಷಕ್ಕೆ ಬಂದ ಮೇಲೆ ಒಂದನ್ನಾದರೂ ತಾವೇ ಕಟ್ಟಬೇಕು. ಮಾತು, ಸ್ವರ, ತಾಳ ಎಲ್ಲಿ ಕೂಡುತ್ತವೆ ಎಂಬುದು ಕಟ್ಟಿದವರಿಗೇ ಚೆನ್ನಾಗಿ ತಿಳಿಯುವುದು.

ಮೊದಲ ಪ್ರಯತ್ನಕ್ಕೆ ಭೀಮಪಲಾಸಿ ಇರಲಿ. ಇಳಿಹೊತ್ತಿನ ರಾಗ, ಕಾಲೇಜು ಬಿಟ್ಟು ಬಂದು ಕೂರುವ ಸಮಯಕ್ಕೆ ಹೊಂದುತ್ತದೆ. ಗ, ನಿ ಕೋಮಲ (ತುಸು ತಗ್ಗಿದವು). ಏರುವಾಗ ರಿ, ಧ ಇಲ್ಲ. ಇಳಿಯುವಾಗ ಏಳೂ ಸ್ವರಗಳಿವೆ. ವಾದಿ (ರಾಗದ ಮುಖ್ಯ ಸ್ವರ) ಮ, ಸಂವಾದಿ (ಅದರ ಜೊತೆಯ ಸ್ವರ) ಸ. ಏರುವಾಗ ‘ಸ ರಿ ಗ’ ಎಂದರೆ ಕಾಫಿ ರಾಗದ ನೆರಳು ಬೀಳುತ್ತದೆ. ‘ಪ’ದ ಮೇಲೆ ಹೆಚ್ಚು ನಿಂತರೆ ಧನಾಶ್ರೀ ರಾಗದತ್ತ ವಾಲುತ್ತದೆ. ಅದಕ್ಕೇ ಮತ್ತೆ ಮತ್ತೆ ‘ಮ’ಕ್ಕೆ ಬಂದು ನಿಲ್ಲಬೇಕು.

ತಾಳ ತೀನತಾಲ, 16 ಮಾತ್ರೆ (ಎಣಿಕೆ), ಮಧ್ಯಲಯ (ನಡುವೇಗ). ಮುಖಡಾ (ಚೀಜಿನ ಎತ್ತುಗಡೆ) 9ನೇ ಮಾತ್ರೆಯಿಂದ, ಅಂದರೆ ಖಾಲಿಯಿಂದ (ಕೈ ತಟ್ಟದೆ ಬೀಸುವ ಜಾಗದಿಂದ) ಎದ್ದು ಸಮಕ್ಕೆ (ತಾಳದ ಮೊದಲ ಮಾತ್ರೆಗೆ) ಬರಲಿ. ಈಗ ಮಾತು. ‘ಎರೆಯ ಹೊಲಕೆ ಇಳಿದು ಬಾರೋ ಮಳೆಯೇ’ ಎಂದು ಬರೆದಿರೆನ್ನೋಣ. ಅಕ್ಷರಕ್ಕೊಂದು ಮಾತ್ರೆಯಂತೆ ಬೆರಳಿನಲ್ಲಿ ಎಣಿಸಿ: ಎ‑ರೆ‑ಯ‑ಹೊ‑ಲ‑ಕೆ‑ಇ‑ಳಿ, ಎಂಟು ಮುಗಿಯಿತು. ಸಮದ ಮೇಲೆ ಬಂದು ಬಿದ್ದದ್ದು ‘ದು’! ಅರ್ಥವೂ ಇಲ್ಲದ, ಎಳೆಯಲೂ ಬಾರದ ಹ್ರಸ್ವಾಕ್ಷರ. ಹೊಸಬರ ಚೀಜುಗಳು ಸೊರಗುವುದು ಬಹುಪಾಲು ಇಲ್ಲೇ. ‘ದು’ ತೆಗೆಯಿರಿ: ‘ಎರೆಯ ಹೊಲಕೆ ಇಳಿ, ಬಾರೋ ಮಳೆಯೇ’. ಈಗ ‘ಬಾ’ ಸಮಕ್ಕೆ ಬಂತು. ದೀರ್ಘಾಕ್ಷರ, ಕರೆಯುವ ಮಾತು, ಮೂರು ಮಾತ್ರೆ ನಿಂತರೂ ತೂಕ ಕಳೆದುಕೊಳ್ಳದು.

ಸ್ವರ ಹೀಗೆ ಹಚ್ಚಬಹುದು (9ರಿಂದ 16): ಪ ಮ ಗ ರಿ, ಸ ನಿ ಸ ಗ. ಇಲ್ಲಿನ ನಿ ಮಂದ್ರದ್ದು (ಕೆಳಗಿನ ಸಪ್ತಕದ್ದು). ಸಮದಲ್ಲಿ ‘ಬಾ’ಕ್ಕೆ ಮ, ಮೂರು ಮಾತ್ರೆ, ‘ರೋ’ಗೆ ಗ, ‘ಮಳೆ’ಗೆ ಪ ಮ, ‘ಯೇ’ಗೆ ಗ ಮ. ವಾದಿ ಸ್ವರ, ಮುಖ್ಯ ಮಾತು, ಸಮ ಮೂರೂ ಒಂದೇ ಕಡೆ ಕೂಡಿದವು. ಅಂತರಾಕ್ಕೆ (ಚೀಜಿನ ಎರಡನೇ ಭಾಗಕ್ಕೆ) ‘ಮ ಪ ಗ ಮ ಪ ನಿ’ ಹಿಡಿದು ತಾರ ಸ (ಮೇಲಿನ ಸಪ್ತಕದ್ದು) ಮುಟ್ಟಿದರೆ ಸಾಕು, ಸ್ಥಾಯಿಯಷ್ಟು (ಮೊದಲ ಭಾಗದಷ್ಟು) ಕಷ್ಟವಿಲ್ಲ.

ಹಾಡುವ ಶ್ರುತಿ ಬೇಗ ಗೊತ್ತುಮಾಡಿ. ಮಂದ್ರ ಪ ಕೇಳಿಸಬೇಕು, ತಾರ ಮ ಕಿರುಚದೆ ಬರಬೇಕು. ಎರಡೂ ಆಗುವ ಶ್ರುತಿಯೇ ನಿಮ್ಮದು. ದನಿ ಒಡೆದು ಇನ್ನೂ ಗಟ್ಟಿಯಾಗದ ಹುಡುಗರು ಹಿಂದಿನ ವರ್ಷದ ಶ್ರುತಿಗೇ ಜೋತುಬೀಳಬಾರದು, ಗಂಟಲು ಕಟ್ಟುತ್ತದೆ. ತಂಬೂರಿಯ ಮೊದಲ ತಂತಿ ‘ಪ’ಕ್ಕೆ. ದನಿ ಮೊಂಡಾಗಿದ್ದರೆ ಜವಾರಿಯ ದಾರವನ್ನು (ಕುದುರೆಯ ಮೇಲೆ ತಂತಿಯ ಕೆಳಗಿಟ್ಟ ನೂಲನ್ನು) ಕೂದಲೆಳೆಯಷ್ಟೇ ಸರಿಸಿ ನೋಡಿ. ಕೋಮಲ ಗ‑ವನ್ನು ಹಾರ್ಮೋನಿಯಂ ಕೇಳಿ ಕಲಿಯಬೇಡಿ. ಈ ರಾಗದಲ್ಲಿ ಅದು ‘ಮ’ವನ್ನು ಸವರಿಕೊಂಡು ಬರುತ್ತದೆ, ಆ ಮೀಂಡು (ಸ್ವರದಿಂದ ಸ್ವರಕ್ಕೆ ಜಾರುವ ಎಳೆತ) ಹಾರ್ಮೋನಿಯಂ ಪೆಟ್ಟಿಗೆಯಲ್ಲಿ ಸಿಗದು.

ಹನ್ನೆರಡು ನಿಮಿಷ ಹಾಡುವುದಾದರೆ ಆಲಾಪಕ್ಕೆ ಮೂರು ಸಾಕು. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರನ್ನು ಕೇಳಿ, ಒಂದೊಂದು ಸ್ವರಕ್ಕೂ ಎಷ್ಟು ಹೊತ್ತು ಕೊಡುತ್ತಾರೆಂದು ಗಮನಿಸಿ. ಮಾತು ತಾಳದೊಳಗೆ ಹೆಣೆದುಕೊಳ್ಳುವ ಬಗೆಗೆ ಧಾರವಾಡದ ಮಲ್ಲಿಕಾರ್ಜುನ ಮನಸೂರರೇ ಪಾಠ.

ತಾನಿಗೆ (ಸ್ವರಗಳ ವೇಗದ ಓಟಕ್ಕೆ) ಲೆಕ್ಕ ಬೇಕೇ ಬೇಕು. ಸಮದಿಂದ ಎದ್ದ ತಾನು 8 ಮಾತ್ರೆಯಲ್ಲಿ ಮುಗಿದು 9ಕ್ಕೆ ಮುಖಡಾ ಸಿಗಬೇಕು. ಮಾತ್ರೆಗೆ ಎರಡರಂತೆ 16 ಸ್ವರ: ನಿಸ ಗಮ ಪನಿ ಸನಿ ಧಪ ಮಗ ರಿಸ ಗಮ, ಕೂಡಲೇ ‘ಎರೆಯ’ದ ಪ. ಕೈಯಲ್ಲಿ ತಾಳ ಹಾಕುತ್ತಲೇ ಹಾಡಿ. ಮೊಬೈಲಿನ ಠೇಕಾ (ತಬಲಾ ನುಡಿಸುವ ತಾಳ) ಒಂದನ್ನೇ ನಂಬಿದವರು ತಬಲಾದ ಮುಂದೆ ಕುಳಿತಾಗ ಸಮ ಹುಡುಕುತ್ತಾರೆ.

ವೇದಿಕೆಗೆ ಕೂರುವ ಮೊದಲು ತಬಲಾದವರಿಗೆ ‘ಮುಖಡಾ ಖಾಲಿಯಿಂದ ರೀ’ ಎಂದು ಹೇಳಿ, ಒಮ್ಮೆ ಮೆಲ್ಲಗೆ ಹಾಡಿ ತೋರಿಸಿ. ‘ಇಳಿ’ ಆದ ಮೇಲೆ ಉಸಿರು ತೆಗೆದುಕೊಳ್ಳಬೇಡಿ. ಅಲ್ಲಿ ಅರೆಕ್ಷಣ ತಡೆದರೂ ಸಮದ ಮೇಲಿನ ಅವರ ‘ಧಾ’ ಮೊದಲು ಬೀಳುತ್ತದೆ, ನಿಮ್ಮ ‘ಬಾ’ ಹಿಂದೆ ಉಳಿಯುತ್ತದೆ.