ಹೊಸತೊಡಕಿನ ದಿನ ಮುದ್ದೆ ಕೋಲು ಹಿಡಿದೆ

ಧಾರವಾಡದಿಂದ ಹೊರಟಾಗ ನನ್ನ ಲೆಕ್ಕದಲ್ಲಿ ಇದ್ದದ್ದು ಗಗನಚುಕ್ಕಿ ಮಾತ್ರ. ಬೇಸಿಗೆ ಅಲ್ವಾ, ನೀರು ಅಷ್ಟಕ್ಕಷ್ಟೇ. ಬಂಡೆ ನೋಡಿಕೊಂಡು ಮಳವಳ್ಳಿ ಹತ್ತಿರದ ಗೆಳೆಯನ ಊರಿಗೆ ಬಂದು, ಯುಗಾದಿ ಒಬ್ಬಟ್ಟು ತಿಂದು ಮಲಗಿದೆ. ಬೆಳಗಿನ ಜಾವ 5ಕ್ಕೇ ಎಬ್ಬಿಸಿದ. ‘ಏಳು, ಗುಡ್ಡೆ ಹಾಕ್ತಾವ್ರೆ.’

ಯುಗಾದಿ ಮರುದಿನ ಮಂಡ್ಯ, ಮೈಸೂರು ಕಡೆ ಹೊಸತೊಡಕು. ಹಿಂದಿನ ದಿನ ಬೇವು-ಬೆಲ್ಲ, ಅಂದು ಬಾಡು. ಕೆಲವು ಮನೆಯವರು ಸೇರಿ ತಿಂಗಳುಗಟ್ಟಲೆ ಚೀಟಿ ಹಾಕಿ ಕುರಿ ತಂದಿದ್ದರು. ತೆಂಗಿನ ತೋಟದಲ್ಲಿ ಬಾಳೆಲೆ ಹಾಸಿ, ಮನೆಗೊಂದು ಗುಡ್ಡೆ. ತಕ್ಕಡಿ ಇಲ್ಲ. ತೊಡೆ, ಪಕ್ಕೆ, ಈಲಿ, ಬೋಟಿ, ಕೊಬ್ಬು ಎಲ್ಲವೂ ಎಲ್ಲ ಗುಡ್ಡೆಗೂ ಚೂರು ಚೂರು ಬೀಳಬೇಕು. ಒಬ್ಬ ಅಜ್ಜ ಸುಮ್ನೆ ನಿಂತು ನೋಡುತ್ತಿದ್ದ. ಆಗಾಗ ಬಗ್ಗಿ ಒಂದು ಮೂಳೆ ಎತ್ತಿ ಪಕ್ಕದ ಗುಡ್ಡೆಗೆ ಹಾಕುತ್ತಿದ್ದ. ಅವನ ಕಣ್ಣೇ ತಕ್ಕಡಿ.

ಬನ್ನೂರು ತಳಿಯ ಕುರಿ ಗಿಡ್ಡ, ಮೈ ದುಂಡಗೆ ಎಂದು ಕೇಳಿದ್ದೆನಲ್ಲ, ‘ಇದು ಬನ್ನೂರು ಕುರಿನಾ?’ ಅಂದುಬಿಟ್ಟೆ. ನಾಲ್ಕು ಜನ ಒಟ್ಟಿಗೆ ತಿರುಗಿದರು. ಬನ್ನೂರು ಇರುವುದು ಮೈಸೂರು ಜಿಲ್ಲೆಯಲ್ಲಿ. ತಳಿಗೆ ಹೆಸರು ಬಂದದ್ದು ಇದೇ ಮಳವಳ್ಳಿ ತಾಲ್ಲೂಕಿನ ಬಂಡೂರಿನಿಂದ. ‘ಇದು ಬೆರಕೆ ಸಾ. ಅಸಲಿ ಬಂಡೂರು ಟಗರಿನ ರೇಟು ಕೇಳಿದ್ರೆ ತಿನ್ನಕ್ಕಿಲ್ಲ, ಪೂಜೆ ಮಾಡ್ತೀರ’ ಅಂದರು.

ಗುಡ್ಡೆ ಮನೆ ಸೇರಿದ ಮೇಲೆ ಗೆಳೆಯನ ಬಳಗದ ಪಾಲು ತೋಟದಲ್ಲೇ ಉಳಿಯಿತು. ಮೂರು ಕಲ್ಲಿನ ಒಲೆ ಎರಡು, ಉರಿಗೆ ತೆಂಗಿನ ಮಟ್ಟೆ. ಕುರಿಯ ಕೊಬ್ಬಿನಲ್ಲೇ ಈರುಳ್ಳಿ ಬಾಡಿಸಿ, ಅರಿಶಿನ, ಉಪ್ಪು ಹಾಕಿ ಮಾಂಸ ಬೇಯಿಸಿದರು. ಧನಿಯಾ, ಒಣಮೆಣಸು, ಚಕ್ಕೆ, ಲವಂಗ, ಗಸಗಸೆ, ಕಾಯಿ ಸೇರಿಸಿ ರುಬ್ಬಿದ ಖಾರ ಆಮೇಲೆ. ಸಾರಿನ ಹತ್ತಿರ ನನ್ನನ್ನು ಬಿಡಲಿಲ್ಲ. ‘ನೀವು ಹಿಟ್ಟು ತೊಳಸಿ’ ಎಂದು ಕೋಲು ಕೊಟ್ಟರು.

ರೊಟ್ಟಿ ಬಡಿಯುವ ಮನೆಯವನು ನಾನು. ಹಿಟ್ಟಿನ ಜೊತೆ ಸಲುಗೆ ಇದೆ ಅಂದುಕೊಂಡಿದ್ದೆ. ಜೋಳಕ್ಕೆ ಕುದಿನೀರು ಹಾಕಿ ತಕ್ಷಣ ನಾದಬೇಕು. ರಾಗಿಯಲ್ಲಿ ಅವಸರ ನಡೆಯುವುದಿಲ್ಲ. ಒಂದು ಪಾಲು ಹಿಟ್ಟಿಗೆ ಸುಮಾರು ಎರಡು ಪಾಲು ನೀರು. ಕುದಿಯುವಾಗ ಹಿಟ್ಟು ಗುಡ್ಡೆಯಾಗಿ ಸುರಿದು, ನಡುವೆ ಕೋಲು ನೆಟ್ಟು ತೂತು ಮಾಡಿ, ಸುಮ್ಮನಿರಬೇಕು. ತೂತಿನಿಂದ ನೀರು ಉಕ್ಕಿ ಹಿಟ್ಟಿನ ಮೇಲೆ ಹರಿಯುತ್ತಾ 10 ನಿಮಿಷವಾದರೂ ಬೇಯಬೇಕು. ನಾನು ಎರಡೇ ನಿಮಿಷಕ್ಕೆ ಕೈ ಹಾಕಿದೆ. ಒಳಗೆ ಒಣಹಿಟ್ಟು ಉಳಿದು ಗೋಲಿಯಷ್ಟು ಗಂಟುಗಳು. ಜೋರಾಗಿ ತಿರುವಿದಷ್ಟೂ ಜಾಸ್ತಿ ಆದವು.

ಎರಡನೇ ಪಾತ್ರೆಗೆ ಅಜ್ಜ ಬಂದು ಪಕ್ಕದಲ್ಲಿ ಕುಂತ. ‘ಬೀಡಿ ಮುಗಿಯೋಗಂಟ ಮುಟ್ಟಬ್ಯಾಡ’ ಅಂದ. ಮುಗಿಯಿತು. ಇನ್ನೊಂದು ಹಚ್ಚಿದ. ಅದೂ ಅರ್ಧವಾದಾಗ ಕಣ್ಣು ಸನ್ನೆ ಮಾಡಿದ. ಹೆಚ್ಚಿನ ನೀರು ಬಸಿದಿಟ್ಟು, ಪಾತ್ರೆಯನ್ನು ಕವೆಗೋಲಿನಿಂದ ಒಬ್ಬ ಒತ್ತಿ ಹಿಡಿದ. ನಾನು ಅಂಚಿಗೆ ಒತ್ತಿ ಒತ್ತಿ ತೊಳಸಿದೆ. ತೋಳು ಬಿದ್ದೇಹೋಯಿತು. ಒದ್ದೆ ಬೆರಳಿಟ್ಟರೆ ಅಂಟಲಿಲ್ಲ. ಮೈ ನುಣ್ಣಗೆ ಹೊಳೆಯಿತು.

ಊಟಕ್ಕೆ ಕುಂತಾಗ ಎರಡನೇ ಪಾತ್ರೆಯ ಮುದ್ದೆ ಎಲ್ಲರ ಎಲೆಗೂ ಬಂತು, ನನ್ನ ಎಲೆ ಬಿಟ್ಟು. ಗಂಟಿನ ಮುದ್ದೆ ನನ್ನ ಎಲೆಗೇ ಬಡಿಸಿ, ಗುಂಡಿ ಮಾಡಿ, ಕೊಬ್ಬು ತೇಲುವ ಸಾರು ಸುರಿದರು. ತುತ್ತು ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟೆ. ಅಭ್ಯಾಸದಂತೆ ಹಲ್ಲು ಆಡಿತು.

‘ಅಗೀಬ್ಯಾಡಿ ಸಾ, ನುಂಗಿ’ ಅಂದ ಅಜ್ಜ. ‘ಅಗಿದ್ರೆ ಗಂಟು ಸಿಕ್ತವೆ.’