ಬೇಗ ಕೆಡುವುದು ಮೊದಲು: ಸರೋವರದ ನೀರಿನೊಂದಿಗೆ ನನ್ನ ಅನುಭವ

ನಾನಿರುವ ಸಂಶೋಧನಾ ಕೇಂದ್ರ ಊರು, ರಸ್ತೆಗಳಿಂದ ತುಂಬಾ ದೂರ. ಸರೋವರದ ನೀರು ತೆಗೆಯುವುದು, ಇಲ್ಲೇ ಆಗುವ ಪರೀಕ್ಷೆ ಮಾಡುವುದು, ಉಳಿದದ್ದನ್ನು ದೊಡ್ಡ ಲ್ಯಾಬಿಗೆ ಕಳಿಸುವುದು ನನ್ನ ಕೆಲಸ. ಬಾಟಲಿ ಅಲ್ಲಿಗೆ ಮುಟ್ಟಲು ವಾರಗಳೇ ಬೇಕು. ಅಷ್ಟು ದಿನ ನೀರು ಸುಮ್ನೆ ಇರುವುದಿಲ್ಲ. ಅದರೊಳಗಿನ ಪಾಚಿ, ಬ್ಯಾಕ್ಟೀರಿಯಾಗಳು ಬದುಕಿಯೇ ಇರುತ್ತವೆ. ಪೋಷಕಾಂಶ ತಿನ್ನುತ್ತವೆ, ಆಮ್ಲಜನಕ ಬಳಸುತ್ತವೆ. ಹಾಗಾಗಿ ಯಾವುದು ಬೇಗ ಕೆಡುತ್ತದೋ ಅದಕ್ಕೆ ಮೊದಲು ಕೈ ಹಾಕುತ್ತೇನೆ. ಇಡೀ ದಿನದ ಕೆಲಸ ಈ ಲೆಕ್ಕದಲ್ಲೇ ನಡೆಯುತ್ತದೆ.

ದೋಣಿಯನ್ನು ಸರೋವರದ ಅತಿ ಆಳದ ಜಾಗದಲ್ಲಿ ನಿಲ್ಲಿಸುತ್ತೇನೆ. ಮೊದಲು ಸೆಕ್ಕಿ ತಟ್ಟೆ, ಅಂದರೆ ನೀರು ಎಷ್ಟು ತಿಳಿಯಾಗಿದೆ ಎಂದು ನೋಡಲು ಹಗ್ಗಕ್ಕೆ ಕಟ್ಟಿ ಇಳಿಸುವ ತಟ್ಟೆ. ಇಟಲಿಯ ಆಂಜೆಲೊ ಸೆಕ್ಕಿ 1865ರಲ್ಲಿ ಬಳಸಿದ ಉಪಾಯ ಇಂದಿಗೂ ಚೆನ್ನಾಗಿ ನಡೆಯುತ್ತದೆ. ದೋಣಿಯ ನೆರಳಿನ ಬದಿಯಲ್ಲಿ ತಟ್ಟೆ ಇಳಿಸಿ, ಅದು ಮರೆಯಾದ ಆಳ, ಮೇಲೆಳೆಯುವಾಗ ಮತ್ತೆ ಕಂಡ ಆಳ, ಎರಡರ ಸರಾಸರಿ ಬರೆದುಕೊಳ್ಳುತ್ತೇನೆ. ಆಮೇಲೆ ಮೀಟರ್ ಮೀಟರಿಗೂ ಉಷ್ಣತೆ ನೋಡುತ್ತೇನೆ. ಬೇಸಿಗೆಯಲ್ಲಿ ಒಂದು ಆಳಕ್ಕೆ ಬಂದಾಗ ನೀರು ಥಟ್ಟನೆ ತಣ್ಣಗಾಗುತ್ತದೆ. ಅದರ ಮೇಲಿನ ನೀರೇ ಬೇರೆ, ಕೆಳಗಿನ ನೀರೇ ಬೇರೆ. ಆ ಗಡಿ ಗೊತ್ತಾಗದೆ ಎಲ್ಲಿಂದ ಸ್ಯಾಂಪಲ್ ತೆಗೆಯಬೇಕು ಅಂತ ಹೇಳಲು ಬರುವುದಿಲ್ಲ, ಅಲ್ವಾ?

ನೀರು ಮೇಲೆ ಬಂದ ಕೂಡಲೇ ಆಮ್ಲಜನಕದ ಸರದಿ. ರಬ್ಬರ್ ಕೊಳವೆಯನ್ನು ಗಾಜಿನ ಬಾಟಲಿಯ ತಳಕ್ಕೆ ಮುಟ್ಟಿಸಿ ನಿಧಾನ ತುಂಬಿಸುತ್ತೇನೆ. ಒಂದಿಷ್ಟು ನೀರು ಹೊರಗೆ ಉಕ್ಕಿ ಹೋಗಲಿ, ಒಳಗೆ ಗುಳ್ಳೆ ಉಳಿಯಬಾರದು. ಮ್ಯಾಂಗನೀಸ್ ಸಲ್ಫೇಟ್, ಕ್ಷಾರ ಬೆರೆತ ಅಯೋಡೈಡ್ ಹಾಕಿ ಬಿರಡೆ ಒತ್ತಿ ಅಲುಗಾಡಿಸಿದರೆ ಕಂದು ಗಸಿ ಕಟ್ಟುತ್ತದೆ. ಗಸಿ ಬಿಳಿಯಾಗಿಯೇ ಉಳಿದರೆ ಆ ಆಳದಲ್ಲಿ ಆಮ್ಲಜನಕ ಇಲ್ಲ ಎಂದೇ ಅರ್ಥ. ಇದು 1888ರ ವಿಂಕ್ಲರ್ ವಿಧಾನ. ಆಮ್ಲಜನಕ ಹೀಗೆ ಸಿಕ್ಕಿಬಿದ್ದ ಮೇಲೆ ಟೈಟ್ರೇಶನ್, ಅಂದರೆ ದ್ರಾವಣವನ್ನು ಹನಿಹನಿಯಾಗಿ ಬೆರೆಸಿ ಅಳೆಯುವ ಕೆಲಸ, ಕೆಲವು ಗಂಟೆ ಕಾಯಬಹುದು. ಆಮ್ಲಜನಕ ಅಳೆಯುವ ಮೀಟರ್ ಇದ್ದರೂ ನಾನು ಈ ವಿಧಾನ ಬಿಟ್ಟಿಲ್ಲ. ಮೀಟರಿನ ಅಂಕಿ ದಿನ ಕಳೆದಂತೆ ಸರಿಯುತ್ತಾ ಹೋಗುತ್ತದೆ, ಇಲ್ಲಿ ಅದನ್ನು ರಿಪೇರಿ ಮಾಡುವವರಿಲ್ಲ. ಸಮುದ್ರಮಟ್ಟದಲ್ಲಿ, ಗಾಳಿಯೊಂದಿಗೆ ಸಮತೋಲದಲ್ಲಿರುವ ಸಿಹಿನೀರು 0 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 14.6 ಮಿಲಿಗ್ರಾಂ ಆಮ್ಲಜನಕ ಹಿಡಿದಿಡುತ್ತದೆ, 25 ಡಿಗ್ರಿಯಲ್ಲಿ ಸುಮಾರು 8.3. ಎತ್ತರದ ಜಾಗದಲ್ಲಿ ಇನ್ನೂ ಕಡಿಮೆ. ಈ ಅಂಕಿಗಳು ತಲೆಯಲ್ಲಿದ್ದರೆ ಮೀಟರ್ ದಾರಿ ತಪ್ಪಿದ್ದು ದೋಣಿಯಲ್ಲೇ ತಿಳಿಯುತ್ತದೆ.

ಕೇಂದ್ರಕ್ಕೆ ಬಂದ ಮೇಲೆ ಊಟಕ್ಕಿಂತ ಮೊದಲು ಸೋಸುವ ಕೆಲಸ. ಕ್ಲೋರೊಫಿಲ್ ಅಂದರೆ ಪಾಚಿಯ ಹಸಿರು ಬಣ್ಣ, ಅದಕ್ಕಾಗಿ ಸೋಸುವಾಗ ಬೆಳಕು ಮಂದವಾಗಿರಬೇಕು. ಸೋಸಿದ ಫಿಲ್ಟರನ್ನು ಮಡಚಿ, ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ಫ್ರೀಜರಿಗೆ ಹಾಕುತ್ತೇನೆ. ನೈಟ್ರೇಟ್, ಫಾಸ್ಫೇಟ್‌ಗೆ 0.45 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿದ ನೀರು ಸಾಕು. ಅದೂ ಫ್ರೀಜರಿಗೇ, ಆದರೆ ಬಾಟಲಿ ಪೂರ್ತಿ ತುಂಬುವುದಿಲ್ಲ. ಸಿಲಿಕಾ ಸ್ಯಾಂಪಲನ್ನು ಮಾತ್ರ ಹೆಪ್ಪುಗಟ್ಟಿಸುವುದಿಲ್ಲ, ಅದರ ಕಣಗಳು ಒಂದಕ್ಕೊಂದು ಅಂಟಿಕೊಂಡು ಅಳತೆಗೆ ಸಿಗದೆ ಹೋಗಬಹುದು. ಅದು ಪ್ಲಾಸ್ಟಿಕ್ ಬಾಟಲಿಯಲ್ಲಿ ಫ್ರಿಜ್‌ನಲ್ಲಿ ಇರುತ್ತದೆ. ಗಾಜಿನಿಂದಲೇ ಸಿಲಿಕಾ ನೀರಿಗೆ ಇಳಿಯುತ್ತದೆ, ಹಾಗಾಗಿ ಗಾಜು ಬೇಡ. ಲೋಹಗಳ ಪರೀಕ್ಷೆಗೆ ಇಟ್ಟ ನೀರಿನ ಬಾಟಲಿಗೆ ಶುದ್ಧ ನೈಟ್ರಿಕ್ ಆಮ್ಲ ಹಾಕಿ ಪಿಎಚ್ 2ಕ್ಕಿಂತ ಕೆಳಗೆ ಇಳಿಸುತ್ತೇನೆ.

ನನ್ನನ್ನು ಜಾಸ್ತಿ ಕಾಡುವುದು ಅಮೋನಿಯಾ. ಅದು ಗಾಳಿಯಿಂದಲೂ ನೀರಿಗೆ ಸೇರುತ್ತದೆ. ನೆಲ ಒರೆಸುವ ದ್ರಾವಣ, ಬೆವರಿದ ಕೈ, ಸಿಗರೇಟಿನ ಹೊಗೆ, ಯಾವುದೂ ಹತ್ತಿರ ಬರಬಾರದು. ಸೋಸುವಾಗ ಬಾಗಿಲು ಹಾಕಿಕೊಳ್ಳುತ್ತೇನೆ, ಕೈಗವಸು ಬದಲಾಯಿಸುತ್ತೇನೆ. ಜೊತೆಗೆ ಪ್ರತಿ ಸಲವೂ ಅತಿ ಶುದ್ಧ ನೀರಿನ ಬಾಟಲಿಯೊಂದು ದೋಣಿಯಲ್ಲಿ ನನ್ನೊಂದಿಗೆ ಬರುತ್ತದೆ. ಅದನ್ನು ಸರೋವರದ ನೀರಿನಂತೆಯೇ ಸುರಿದು, ಸೋಸಿ, ಅಳೆಯುತ್ತೇನೆ. ನಾವಿದನ್ನು ಬ್ಲಾಂಕ್ ಅನ್ನುತ್ತೇವೆ; ಇದರಲ್ಲಿ ಏನಾದರೂ ಕಂಡರೆ ಅದು ಸರೋವರದ್ದಲ್ಲ, ಹೊರಗಿನಿಂದ ಸೇರಿದ್ದು. ಬ್ಲಾಂಕ್‌ನಲ್ಲಿ ಅಮೋನಿಯಾ ಎದ್ದು ಕಂಡರೆ ಆ ದಿನದ ಅಮೋನಿಯಾ ಅಂಕಿಗಳನ್ನು ವರದಿಗೆ ಸೇರಿಸುವುದಿಲ್ಲ. ಕಾರಣವನ್ನು ಪೆನ್ಸಿಲ್‌ನಲ್ಲಿ ಪುಸ್ತಕದಲ್ಲಿ ಬರೆದಿಡುತ್ತೇನೆ, ಉಳಿದ ಬಾಟಲಿಗಳನ್ನು ಪೆಟ್ಟಿಗೆಗೆ ತುಂಬುತ್ತೇನೆ.